ಮೂರನೇ ಶವರ್ ಕ್ಯಾಪ್

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ಕನ್ನಡದವರ ಮನೆಗಳಲ್ಲಿ ಒಂದು ಗುಟ್ಟಿದೆ. ಎಲ್ಲರಿಗೂ ಗೊತ್ತಿರುವ ಗುಟ್ಟು. ಮನೆಯಲ್ಲಿ ಗಣಹೋಮವೋ ಸತ್ಯನಾರಾಯಣ ಪೂಜೆಯೋ ಇದ್ದರೆ, ಪುರೋಹಿತರು ಬರುವ ಮೊದಲೇ ಯಜಮಾನರು ಕುರ್ಚಿ ಹತ್ತಿ ಚಾವಣಿಯ ಹೊಗೆ ಅಲಾರಂಗೆ, ಅದು ಕೂಗದಿರಲೆಂದು, ಒಂದು ಶವರ್ ಕ್ಯಾಪ್ ತೊಡಿಸುತ್ತಾರೆ. ಹೋಟೆಲುಗಳಿಂದ ತಂದಿಟ್ಟುಕೊಂಡ ಪ್ಲಾಸ್ಟಿಕ್ ಟೋಪಿಗಳು ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಪೂಜೆ ಮುಗಿದು, ಊಟ ಮುಗಿದು, ಉಳಿದ ಪುಳಿಯೋಗರೆ ಡಬ್ಬಿಗಳಿಗೆ ಹೋಗಿ, ನೆಂಟರೆಲ್ಲ ಹೊರಟ ಮೇಲೆ ನೆನಪಾದರೆ ಟೋಪಿ ತೆಗೆದರು, ಇಲ್ಲವಾದರೆ ಮುಂದಿನ ಯುಗಾದಿಯವರೆಗೂ ಅಲಾರಂ ಟೋಪಿ ಹಾಕಿಕೊಂಡು ಕೂತಿರುತ್ತದೆ. ಓದಿಕೊಂಡವರು, ಡಾಕ್ಟರುಗಳು, ಕಾರು ಕಂಪನಿಯ ಇಂಜಿನಿಯರುಗಳು, ಎಲ್ಲರೂ ಇದನ್ನು ಮಾಡಿದವರೇ.

ಎಷ್ಟು ಟೋಪಿ ಹಾಕಿದರು, ಎಷ್ಟು ತೆಗೆದರು ಎಂದು ಕೇಳುವವರು ಇಡೀ ಊರಿನಲ್ಲಿ ಒಬ್ಬರೇ ಇದ್ದರು. ಅವರೇ ಶಿವಗಂಗಾ.

ಐವತ್ತಾರರ ಶಿವಗಂಗಾ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವರು. ಇಪ್ಪತ್ತೆರಡು ವರ್ಷಗಳಿಂದ ಮ್ಯಾಂಚೆಸ್ಟರ್ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸು. ಕುಳ್ಳನೆಯ ಆಳು, ಮೆಲ್ಲನೆಯ ದನಿ. ಥಿಯೇಟರಿನಲ್ಲಿ ಅವರ ಮುಖ್ಯ ಕೆಲಸ ಎಣಿಸುವುದು. ಹೊಟ್ಟೆ ಕೊಯ್ಯುವ ಮೊದಲು ಕತ್ತರಿ, ಸೂಜಿ, ರಕ್ತ ಒತ್ತುವ ಬಟ್ಟೆ ಎಲ್ಲವನ್ನೂ ಇಬ್ಬರು ನಿಂತು, ಒಂದೊಂದನ್ನೂ ಮುಟ್ಟಿ, ಗಟ್ಟಿಯಾಗಿ ಎಣಿಸಿ ಗೋಡೆಯ ಬೋರ್ಡಿನ ಮೇಲೆ ಬರೆಯಬೇಕು. ಹೊಲಿಯುವ ಮೊದಲು ಮತ್ತೆ ಎಣಿಸಬೇಕು. ಒಂದು ಕಡಿಮೆ ಬಂದರೆ, ಎಷ್ಟೇ ದೊಡ್ಡ ಸರ್ಜನ್ ಆಗಿರಲಿ, ಸೂಜಿ ಕೆಳಗಿಟ್ಟು ಕಾಯಬೇಕು.

ಆ ಚಾಳಿ ಮನೆಗೂ ಬಂದಿತ್ತು. ಕನ್ನಡ ಬಳಗದ ಪಿಕ್ನಿಕ್ಕಿನಿಂದ ಬಸ್ಸು ಹೊರಡುವಾಗ ಅವರು ಮಕ್ಕಳ ತಲೆ ಮುಟ್ಟಿ ಎಣಿಸುತ್ತಿದ್ದರು, ಆಮೇಲೆ ಡಬ್ಬಿಗಳ ಮುಚ್ಚಳ ಎಣಿಸುತ್ತಿದ್ದರು. ಮಕ್ಕಳು ಅವರಿಗೆ ಕೌಂಟಿಂಗ್ ಆಂಟಿ ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರ ಪೈಕಿ ಕೃತಿ ಮೊದಲಿಗಳು.

ಕೃತಿ ಈಗ ಇಪ್ಪತ್ತೊಂದರ ಹುಡುಗಿ. ಹುಟ್ಟಿದ್ದು ಸ್ಟಾಕ್‌ಪೋರ್ಟ್‌ನಲ್ಲೇ, ಓದುತ್ತಿದ್ದುದು ಮ್ಯಾಂಚೆಸ್ಟರಿನಲ್ಲಿ ಸಿನಿಮಾ, ಕೊನೆಯ ವರ್ಷ. ಪದವಿಗೆ ಹನ್ನೆರಡು ನಿಮಿಷದ ಒಂದು ಚಿತ್ರ ಮಾಡಿ ಒಪ್ಪಿಸಬೇಕಿತ್ತು. ಗೃಹಪ್ರವೇಶದ ಕತೆ. ಹಿತ್ತಲಿನಲ್ಲಿ ಹೋಮ ನಡೆಯುತ್ತಿರುತ್ತದೆ, ಮನೆಯೊಳಗಿನ ಕತ್ತಲೆಯಿಂದ ಗಾಜಿನ ಬಾಗಿಲ ಮೂಲಕ ಕ್ಯಾಮೆರಾ ಆ ಬೆಂಕಿಯನ್ನು ನೋಡುತ್ತದೆ. ಆ ಒಂದು ಶಾಟ್‌ಗಾಗಿ ಇಡೀ ಚಿತ್ರ ಬರೆದಿದ್ದಳು.

ಮನೆ ಸಿಕ್ಕಿದ್ದು ಡಾಕ್ಟರ್ ಚಂದ್ರಪ್ರಭಾ ಅವರದ್ದು. ಅವರು ಅಲ್ಲಿಯೇ ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯೆ. ಒಂದು ಶನಿವಾರ ಗಂಡನ ಜೊತೆ, ಎಂಟು ತಿಂಗಳ ಮಗುವನ್ನು ಕರೆದುಕೊಂಡು ಕೊವೆಂಟ್ರಿಗೆ ಹೋಗುವವರಿದ್ದರು; ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮನೆ ಕೃತಿಗೆ. ಸಂಜೆ ಬಂದು ಮನೆ ನೋಡಿ, ಎಲ್ಲ ಸರಿಯಾಗಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೇನೆ ಎಂದಿದ್ದರು. ಆ ಸಹಿ ಇಲ್ಲದೆ ಕಾಲೇಜು ಚಿತ್ರವನ್ನು ಮುಟ್ಟುವುದಿಲ್ಲ.

ಕಾಲೇಜಿನದು ಇನ್ನೊಂದು ಷರತ್ತಿತ್ತು. ಬೆಂಕಿ ಇರುವ ಚಿತ್ರೀಕರಣಕ್ಕೆ ಸುರಕ್ಷತೆ ನೋಡಿಕೊಳ್ಳಲು ಒಬ್ಬ ಹೊಣೆಗಾರರು ಬೇಕು. ಕೃತಿಯ ಅಮ್ಮ ಮಗಳನ್ನು ಕೇಳದೆಯೇ ಶಿವಗಂಗಾರಿಗೆ ಫೋನು ಮಾಡಿಬಿಟ್ಟರು. ಕೃತಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಡಬ್ಬಿ ಮುಚ್ಚಳ ಎಣಿಸುವ ಆಂಟಿಯನ್ನು ಸೆಟ್ಟಿನಲ್ಲಿ ಇಟ್ಟುಕೊಂಡು ಸಿನಿಮಾ ಮಾಡುವುದು ಹೇಗೆ?

ಶನಿವಾರ ಎಂಟು ಗಂಟೆಗೆ ಶಿವಗಂಗಾ ಕಂಕುಳಲ್ಲಿ ಒಂದು ಬಿಳಿ ಬೋರ್ಡು ಇಟ್ಟುಕೊಂಡು ಬಂದರು. ಎಲ್ಲರನ್ನೂ ಹಜಾರದಲ್ಲಿ ನಿಲ್ಲಿಸಿದರು. ಎಲ್ಲರೂ ಎಂದರೆ ಕೃತಿ, ಬೆಂಗಳೂರಿನಿಂದ ಓದಲು ಬಂದ ಕ್ಯಾಮೆರಾದ ಪ್ರಣವ್, ಧ್ವನಿ ಹಿಡಿಯುವ ಇಂಚರಾ, ಮತ್ತು ಪುರೋಹಿತರ ಪಾತ್ರದ ಶ್ರೀರಂಗ. ಶ್ರೀರಂಗ ಸಾಫ್ಟ್‌ವೇರಿನವರಾದರೂ ತಂದೆಯಿಂದ ಮಂತ್ರ ಕಲಿತಿದ್ದರು; ವೇಷ ಮಾತ್ರ ಸುಳ್ಳು, ಹೋಮ ನಿಜ.

"ಸಂಜೆ ಆರಕ್ಕೆ ಈ ಮನೆಗೆ ಒಂದು ಮಗು ವಾಪಸ್ ಬರುತ್ತೆ," ಎಂದರು ಶಿವಗಂಗಾ. "ಇವತ್ತು ರಾತ್ರಿ ಅದು ಇಲ್ಲೇ ಮಲಗುತ್ತೆ. ನಮ್ಮ ಕೆಲಸ ಎಲ್ಲ ಮುಗಿದ ಮೇಲೂ ಈ ಮನೆ ಅದಕ್ಕೆ ಬೆಳಿಗ್ಗೆ ಹೆಂಗಿತ್ತೋ ಹಂಗೇ ಇರಬೇಕು. ನಾವು ಒಳಗೆ ತಂದಿದ್ದೆಲ್ಲ ಹೊರಗೆ ಹೋಗಬೇಕು. ಬನ್ನಿ, ಎಣಿಸೋಣ."

ಜೊತೆಗೆ ಎಣಿಸಲು ಆರಿಸಿದ್ದು ಕೃತಿಯನ್ನೇ. ಲೈಟುಗಳು, ಸ್ಟ್ಯಾಂಡುಗಳು, ಮರಳಿನ ಚೀಲಗಳು, ಕೇಬಲ್ಲುಗಳು, ತುಪ್ಪದ ಬಟ್ಟಲು, ಬೆಂಕಿಪೊಟ್ಟಣ. ಒಂದೊಂದನ್ನೂ ಇಬ್ಬರೂ ಮುಟ್ಟಿ ಕನ್ನಡದಲ್ಲಿ ಗಟ್ಟಿಯಾಗಿ ಎಣಿಸಬೇಕು. ಇಪ್ಪತ್ತು ದಾಟಿದರೆ ಕೃತಿಯ ಕನ್ನಡ ಎಡವುತ್ತಿತ್ತು. ಇಪ್ಪತ್ತೇಳಾದ ಮೇಲೆ ಮೂವತ್ತೆಂದಳು. ಶಿವಗಂಗಾ ನಗಲಿಲ್ಲ, ಮತ್ತೆ ಒಂದರಿಂದ ಶುರು ಮಾಡಿಸಿದರು. ಪ್ರಣವ್ ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಟ್ಟ.

ಆದರೆ ಹತ್ತು ಗಂಟೆಯ ಹೊತ್ತಿಗೆ ಕೃತಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಯಾರೂ ಕೇಬಲ್ಲಿಗೆ ಎಡವುತ್ತಿರಲಿಲ್ಲ. ಯಾರೂ ಅದೆಲ್ಲಿ, ಇದೆಲ್ಲಿ ಎಂದು ಕೂಗುತ್ತಿರಲಿಲ್ಲ. ಹಿಂದಿನ ಎರಡು ಚಿತ್ರಗಳಲ್ಲಿ ಅರ್ಧ ದಿನ ಹುಡುಕಾಟದಲ್ಲೇ ಕಳೆದಿತ್ತು. ಇಲ್ಲಿ ಆ ಕುಳ್ಳನೆಯ ಹೆಂಗಸು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು, ಇಡೀ ಮನೆ ಅವರ ಸುತ್ತ ತಣ್ಣಗೆ ಕೆಲಸ ಮಾಡುತ್ತಿತ್ತು. ಏರುದನಿಯ ಒಂದು ಮಾತೂ ಇರಲಿಲ್ಲ. ಡೈರೆಕ್ಟರ್ ಎಂದರೆ ಹೀಗಿರಬೇಕಲ್ಲವೇ ಎನ್ನಿಸಿ ಕೃತಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಹೋಮಕುಂಡ ಹಿತ್ತಲಿನ ಕಲ್ಲುಹಾಸಿನ ಮೇಲಿತ್ತು, ಗೋಡೆಯಿಂದ ನಾಲ್ಕು ಮಾರು ದೂರ, ಪಕ್ಕದಲ್ಲಿ ಎರಡು ಬಕೆಟ್ ನೀರು. ಆದರೂ ಗಾಳಿ ತಿರುಗಿತು, ತೆರೆದ ಬಾಗಿಲಿನಿಂದ ಹೊಗೆ ಒಳಗೆ ನುಗ್ಗಿತು, ಅಲಾರಂ ಕಿರುಚಿಕೊಂಡಿತು. ಪ್ರಣವ್ ಜೇಬಿನಿಂದ ಶವರ್ ಕ್ಯಾಪ್ ತೆಗೆದ. ಅವನೂ ನಮ್ಮವನೇ ತಾನೇ, ತಯಾರಾಗಿಯೇ ಬಂದಿದ್ದ.

ಶಿವಗಂಗಾ ಬೇಡವೆನ್ನಲಿಲ್ಲ. ಮನೆಯೊಳಗೆ ಯಾರೂ ಮಲಗಿಲ್ಲ, ತಾವೇ ಬೆಂಕಿಯ ಮೇಲೆ ಕಣ್ಣಿಟ್ಟಿದ್ದೇವೆ, ಆದ್ದರಿಂದ ಶಾಟ್ ಮುಗಿಯುವವರೆಗೆ ಮಾತ್ರ ಎಂದರು. ಪ್ರಣವ್ ಜೇಬಿನಿಂದ ಒಂದೊಂದು ಟೋಪಿ ತೆಗೆದಾಗಲೂ ಬೋರ್ಡಿನಲ್ಲಿ ಒಂದೊಂದು ಗೀಟು ಎಳೆದರು.

ಶಾಟ್ ಮೂರೂವರೆಗೆ ಸಿಕ್ಕಿತು. ಅದು ಹೇಗೆ ಬಂತೆಂದರೆ, ಮಾನಿಟರಿನ ಮುಂದೆ ಕೂತಿದ್ದ ಕೃತಿ ಉಸಿರು ಬಿಡುವುದನ್ನೇ ಮರೆತಳು. ಗಾಜಿನಾಚೆ ಬೆಂಕಿ ಎದ್ದು ನಿಂತಿತ್ತು, ಶ್ರೀರಂಗರ ಕೈಯಿಂದ ತುಪ್ಪ ಬಿದ್ದಾಗಲೆಲ್ಲ ಕತ್ತಲೆಯ ಕೋಣೆಯ ಗೋಡೆ ಕೆಂಪಾಗಿ ಮತ್ತೆ ಕಪ್ಪಾಗುತ್ತಿತ್ತು. ಮೂರು ವರ್ಷ ತಲೆಯಲ್ಲಿ ಹೊತ್ತು ತಿರುಗಿದ್ದು ಎದುರಿಗೇ ಇತ್ತು.

ಬೆಂಕಿ ಆರಿದ ಸ್ವಲ್ಪ ಹೊತ್ತಿಗೆ ಮಳೆ ಹನಿಯತೊಡಗಿತು. ಶ್ರೀರಂಗರ ಕಣ್ಣಿಗೆ ಹೊಗೆ ಹೊಕ್ಕು ನೀರು ಸುರಿಯುತ್ತಿತ್ತು. ಶಿವಗಂಗಾ ಅವರನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಕಣ್ಣು ತೊಳೆಸುತ್ತಿದ್ದರು. ಕೃತಿ ಹಿತ್ತಲಿನಲ್ಲಿ ಒಬ್ಬಳೇ ಇದ್ದಳು. ಮೈಸೂರಿನ ಅಜ್ಜಿ ಹಿಂದಿನ ದಿನ ಫೋನಿನಲ್ಲಿ ಒಂದೇ ಒಂದು ಮಾತು ಹೇಳಿದ್ದರು: ಸಿನಿಮಾಕ್ಕಾದರೂ ಸರಿ, ಮಂತ್ರ ಹೇಳಿ ಮಾಡಿದ ಹೋಮ, ಅದರ ಬೂದಿ ಕಸದ ಬುಟ್ಟಿಗೆ ಹಾಕಬೇಡ, ಯಾರ ಕಾಲಿಗೂ ಸಿಗಬಾರದು, ಹರಿಯುವ ನೀರಿಗೆ ಬಿಡು. ದೇವರು ದಿಂಡರು ಎಂದರೆ ಮೂಗು ಮುರಿಯುವ ಹುಡುಗಿ ಅದ್ಯಾಕೋ ಆ ಮಾತನ್ನು ತಳ್ಳಿಹಾಕಲಾರದೆ ಹೋದಳು. ಮಳೆಗೆ ಬೂದಿ ಕಲ್ಲುಹಾಸಿನ ಮೇಲೆ ಹರಿದು ಎಲ್ಲರ ಬೂಟಿಗೆ ಅಂಟುತ್ತದಲ್ಲ ಎಂದು ಎರಡು ಸೌಟು ಬೂದಿಯನ್ನು ಒಂದು ರಟ್ಟಿನ ಡಬ್ಬಿಗೆ ತುಂಬಿದಳು. ಮೇಲೆ ಬೆರಳಿಟ್ಟು ನೋಡಿದಳು, ತಣ್ಣಗಿತ್ತು. ನಾಳೆ ಮರ್ಸಿ ನದಿಗೆ ಬಿಟ್ಟರಾಯಿತು ಎಂದುಕೊಂಡು, ಕಾಲಿಗೆ ಸಿಗದ ಜಾಗ ಹುಡುಕಿ, ಮಹಡಿಯಲ್ಲಿ ಚಂದ್ರಪ್ರಭಾ ಅವರ ದೇವರ ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಪ್ರಣವ್ ನಗುತ್ತಾನೆ ಎಂಬ ಸಂಕೋಚ. ಶಿವಗಂಗಾ ಬಂದು ಕುಂಡಕ್ಕೆ ಎರಡು ಬಕೆಟ್ ನೀರು ಸುರಿದರು, ಉಳಿದ ಬೂದಿ ಬುಸ್ ಎಂದಿತು.

ಬೂದಿ ಮೇಲೆ ತಣ್ಣಗಿದ್ದು ಒಳಗೆ ಕೆಂಡ ಇಟ್ಟುಕೊಂಡಿರುತ್ತದೆ ಎಂಬುದು ಸೌದೆ ಒಲೆ ಕಂಡವರಿಗೆಲ್ಲ ಗೊತ್ತು. ಕೃತಿ ಸೌದೆ ಒಲೆ ಕಂಡವಳಲ್ಲ.

ಐದು ಗಂಟೆಗೆ ಕೊನೆಯ ಎಣಿಕೆ. ಲೈಟು ಸರಿ, ಸ್ಟ್ಯಾಂಡು ಸರಿ, ಕೇಬಲ್ ಮೂವತ್ತೊಂದು ಸರಿ. ಶವರ್ ಕ್ಯಾಪ್ ಎರಡು. ಬೋರ್ಡಿನಲ್ಲಿ ಮೂರು ಗೀಟು.

"ನಾನು ಹಾಕಿದ್ದೇ ಎರಡು, ಆಂಟಿ. ಹಜಾರಕ್ಕೊಂದು, ಅಡಿಗೆಮನೆಗೊಂದು," ಎಂದ ಪ್ರಣವ್. ಅವನಿಗೆ ಏಳಕ್ಕೆ ಮೀಡಿಯಾಸಿಟಿಯ ಟಿವಿ ಸ್ಟುಡಿಯೋದಲ್ಲಿ ಶಿಫ್ಟು, ಮ್ಯಾಂಚೆಸ್ಟರಿನ ಪಿಕ್ಯಾಡಿಲಿ ನಿಲ್ದಾಣಕ್ಕೆ ಹೋಗುವ ಐದೂಕಾಲರ ರೈಲು ಹಿಡಿಯಬೇಕಿತ್ತು. "ನೀವೇ ಒಂದು ಗೀಟು ಜಾಸ್ತಿ ಎಳೆದಿರ್ತೀರಾ."

"ಇರಬಹುದು," ಎಂದರು ಶಿವಗಂಗಾ. "ಹುಡುಕೋಣ."

"ಆಂಟಿ, ಪ್ಲೀಸ್," ಎಂದಳು ಕೃತಿ. ಮಾರ್ಕರ್ ಅವಳ ಕೈಯಲ್ಲೇ ಇತ್ತು. "ಇಟ್ಸ್ ಜಸ್ಟ್ ಎ ಶವರ್ ಕ್ಯಾಪ್. ಎರಡು ಅಂತ ಮಾಡಿಬಿಡ್ತೀನಿ."

"ಬೋರ್ಡ್ ಅಳಿಸಬಾರದು, ಕೃತಿ. ವಸ್ತು ಸಿಗಬೇಕು."

ಕೋಪವಿಲ್ಲ, ಹಟವಿಲ್ಲ, ಸಮರ್ಥನೆಯಿಲ್ಲ. ನಾಲ್ವರು ಅವಸರದ ಮಂದಿಯ ನಡುವೆ ಅವರೊಬ್ಬರೇ ಅವಸರವಿಲ್ಲದೆ ನಿಂತಿದ್ದರು, ನಾಲ್ವರೂ ಅವರನ್ನು ದಾಟಿ ಬಾಗಿಲು ತೆರೆಯಲಾರದೆ ಹೋದರು. ಈ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಕೃತಿ ಸಿಟ್ಟಿನ ನಡುವೆಯೂ ಬೆರಗಿನಿಂದ ನೋಡಿದಳು.

ಚೀಲಗಳನ್ನೆಲ್ಲ ತೆರೆದದ್ದಾಯಿತು, ಜೇಬುಗಳನ್ನು ತಡಕಿದ್ದಾಯಿತು. ಶಿವಗಂಗಾ ಮೆಟ್ಟಿಲ ಬುಡದಲ್ಲಿ ನಿಂತು ತಲೆಯೆತ್ತಿದರು. ಮಹಡಿಯ ಚಾವಣಿಯಲ್ಲಿ, ಮಗುವಿನ ಕೋಣೆಯ ಬಾಗಿಲಿನ ಎದುರಿಗೇ, ಮೂರನೇ ಅಲಾರಂ ಟೋಪಿ ಹಾಕಿಕೊಂಡು ಕೂತಿತ್ತು. ಪ್ರಣವ್ ತುಟಿ ಕಚ್ಚಿಕೊಂಡ. ಮಧ್ಯಾಹ್ನ ತಾನೇ ಮೇಲೆ ಓಡಿ ಹಾಕಿದ್ದು ಅವನಿಗೆ ಈಗ ನೆನಪಾಯಿತು.

ಶಿವಗಂಗಾ ಮೇಲೆ ಹತ್ತಿ ಕಸಬರಿಗೆಯ ಹಿಡಿಯಿಂದ ಟೋಪಿ ಕೆಡವಿದರು. ಕೃತಿ ಹಿಂದೆಯೇ ಹೋಗಿದ್ದಳು. ನಾಲ್ಕೈದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅಲಾರಂ ಕೂಗತೊಡಗಿತು.

"ಹಳೇ ಹೊಗೆ ಬಿಡಿ," ಎಂದು ಕೆಳಗಿನಿಂದ ಪ್ರಣವ್ ಕೂಗಿ ಹೇಳಿದ. ಕೃತಿ ಅಭ್ಯಾಸದಂತೆ ಟವೆಲ್ ಬೀಸಿ ಅದರ ಬಾಯಿ ಮುಚ್ಚಿಸಲು ಹೊರಟಳು. ನಾವೆಲ್ಲ ಮಾಡುವುದು ಅದನ್ನೇ. ಶಿವಗಂಗಾ ಅವಳ ಕೈ ತಡೆದರು. ಮೂಗೆತ್ತಿ ಗಾಳಿ ಹೀರಿದರು. ಒಂದೊಂದೇ ಬಾಗಿಲಿನ ಮೇಲೆ ಮುಂಗೈ ಇಟ್ಟು ನೋಡುತ್ತ ಹೋದರು. ಮಗುವಿನ ಕೋಣೆಯ ಬಾಗಿಲು ತಣ್ಣಗಿತ್ತು. ಪಕ್ಕದ ಕಪಾಟಿನ ಬಾಗಿಲಿಗೆ ಕೈ ತಾಗಿದೊಡನೆ ಹಿಂದಕ್ಕೆ ಎಳೆದುಕೊಂಡರು. ಕೆಳಗಿನ ಸಂದಿಯಿಂದ ಬೂದುಬಣ್ಣದ ಎಳೆ ಹೊರಗೆ ಬರುತ್ತಿತ್ತು.

ಕೃತಿ ಆ ಎಳೆಯನ್ನೇ ನೋಡಿದಳು. "ಬೂದಿ," ಎಂದಳು. "ಹೋಮದ್ದು. ನಾನೇ ಇಟ್ಟಿದ್ದು." ದೇವರ ಪಟಗಳು, ಟವೆಲ್ಲುಗಳು, ಹತ್ತಿಯ ಬತ್ತಿ, ಎಣ್ಣೆ ಎಲ್ಲ ಒಳಗಿದ್ದವು. ಅವಳು ಕಪಾಟಿನ ಹಿಡಿಗೆ ಕೈ ಚಾಚಿದಳು.

ಅಷ್ಟು ವರ್ಷ ಬೆಂಗಳೂರಿನವರ ಜೊತೆ ಬೆಂಗಳೂರಿನ ಕನ್ನಡವನ್ನೇ ಆಡಿದ ಶಿವಗಂಗಾರ ಬಾಯಿಂದ ಆಗ ಹುಬ್ಬಳ್ಳಿ ಹೊರಬಿತ್ತು. "ಬಾಗಿಲಾ ತಗೀಬ್ಯಾಡ. ಗಾಳಿ ಒಳಗ ಹೋತಂದ್ರ ಭುಗ್ ಅಂತದ. ಕೆಳಗ ನಡಿ."

ಅವಳ ಮಣಿಕಟ್ಟು ಹಿಡಿದೇ ಇಳಿಸಿದರು. ಒಬ್ಬರೂ ಚೀಲ ಮುಟ್ಟಬಾರದು ಎಂದರು. ಮೂರು ವರ್ಷದ ಕನಸು ತುಂಬಿದ್ದ ಕ್ಯಾಮೆರಾ ಹಜಾರದಲ್ಲೇ ಉಳಿಯಿತು, ಕೃತಿ ಅದರ ಪಕ್ಕದಲ್ಲೇ ನಡೆದು ಹೊರಗೆ ಬಂದಳು. ಮುಂದಿನ ಹುಲ್ಲಿನ ಮೇಲೆ ಶಿವಗಂಗಾ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿದರು. ತಮ್ಮನ್ನೂ ಸೇರಿಸಿ ಐದು. ಆಮೇಲೆ ಫೋನಿನಲ್ಲಿ ಪೋಸ್ಟ್‌ಕೋಡ್ ಹೇಳಿದರು, ಎಲ್ಲಿ, ಏನು, ಒಳಗೆ ಯಾರೂ ಇಲ್ಲ ಎಂದು ಹೇಳಿದರು. ದನಿ ಬೆಳಿಗ್ಗೆ ಬೋರ್ಡು ಹಿಡಿದು ನಿಂತಾಗ ಇದ್ದಷ್ಟೇ ಮೆತ್ತಗಿತ್ತು.

ಫೈರ್ ಇಂಜಿನ್ ಒಂಬತ್ತು ನಿಮಿಷದಲ್ಲಿ ಬಂತು. ಇಬ್ಬರು ಮುಖಕವಚ ಹಾಕಿಕೊಂಡು ನೀರಿನ ಕೊಳವೆಯ ಜೊತೆ ಮೇಲೆ ಹೋದರು. ಇಪ್ಪತ್ತು ನಿಮಿಷದ ಮೇಲೆ ಇಳಿದು ಬಂದ ಎತ್ತರದ ಹೆಂಗಸೊಬ್ಬಳು ಹೆಲ್ಮೆಟ್ ತೆಗೆದು ಶಾಂತವಾಗಿ ಹೇಳಿದಳು: ಕಪಾಟು ಒಳಗೆಲ್ಲ ಸುಟ್ಟಿದೆ, ಮನೆ ಉಳಿದಿದೆ. ಕಪಾಟಿನ ಹಿಂದಿನ ಗೋಡೆ ಬರೀ ಹಲಗೆ, ಅದರ ಆ ಕಡೆಗೆ ತೊಟ್ಟಿಲಿದೆ. ಹಲಗೆಯ ಈ ಮುಖ ಕಪ್ಪಾಗಿದೆ. ಬಾಗಿಲು ತೆರೆಯದೆ ಇದ್ದದ್ದು ಒಳ್ಳೆಯದಾಯಿತು. ಮಗು ಮಲಗಿದ ಮೇಲೆ ಇದು ಹೊತ್ತಿಕೊಂಡಿದ್ದರೆ, ಅಲಾರಂ ಮುಚ್ಚಿಕೊಂಡೇ ಇದ್ದಿದ್ದರೆ, ಎಂದು ಅವಳು ಮಾತು ನಿಲ್ಲಿಸಿದಳು.

ಕೃತಿ ಹುಲ್ಲಿನ ಮೇಲೆ ಕೂತುಬಿಟ್ಟಳು. ಪಕ್ಕದಲ್ಲಿ ಬಂದು ಕೂತ ಶಿವಗಂಗಾರ ಮುಖ ನೋಡಿದಾಗ ಅವಳಿಗೆ ಗುಡಿಯೊಳಗೆ ನಿಂತಾಗಿನಂಥ ಭಯಭಕ್ತಿ ಉಂಟಾಯಿತು. ಎಲ್ಲರೂ ಎರಡು ಎಂದಾಗ ಈಕೆ ಮೂರು ಎಂದು ನಿಂತಿದ್ದರು, ಅಷ್ಟಕ್ಕೆ ಒಂದು ಮಗು ಉಳಿದಿತ್ತು.

"ನಾನು ಮಾರ್ಕರ್ ಹಿಡ್ಕೊಂಡಿದ್ದೆ, ಆಂಟಿ. ಅಳಿಸಿಬಿಡ್ತಿದ್ದೆ," ಎಂದಳು. "ನೀವು ಯಾವತ್ತೂ ಅಳಿಸಿಲ್ವಾ?"

ಶಿವಗಂಗಾ ಮಹಡಿಯ ಕಿಟಕಿಯ ಕಡೆ ನೋಡಿದರು.

"ಒಮ್ಮೆ," ಎಂದರು. "ನಂಗ ಆಗ ಇಪ್ಪತ್ತಮೂರು. ಇಲ್ಲಿ ಅಲ್ಲ, ಅಲ್ಲಿ ಹುಬ್ಬಳ್ಳ್ಯಾಗ. ಸರ್ಜನ್‌ಗೆ ಅವಸರ ಇತ್ತು. ರಕ್ತ ಒತ್ತೋ ಬಟ್ಟಿ ಒಂದು ಕಡಿಮಿ ಬರ್ತದ ಸರ್ ಅಂದೆ. ಸರಿ ಅದ ಅಂತ ಬರಿ ಅಂದ್ರು. ಬರದೆ. ಹನ್ನೊಂದು ದಿನದ ಮ್ಯಾಲ ಆ ಪೇಶಂಟ್ ಹೆಣ್ಮಗಳನ್ನ ಮತ್ತ ಹೊತ್ಕೊಂಡು ಬಂದ್ರು, ಬಟ್ಟಿ ಹೊಟ್ಟ್ಯಾಗ ಉಳದಿತ್ತು. ಉಳದಳು, ದೇವರ ದಯಾ. ಆದ್ರ ಹಿಂಗ್ಯಾಕ ಆತು ಅಂತ ಆಕಿಗೆ ಯಾರೂ ಹೇಳಲಿಲ್ಲ."

"ನೀವು?"

"ನಾನೂ ಹೇಳಲಿಲ್ಲ. ಆಕಿ ಬಿಡುಗಡಿ ಆಗಿ ಹೋಗೋ ದಿನ ನನ್ನ ಕೈ ಹಿಡಿದು, ಭಾಳ ಛಲೋ ನೋಡ್ಕೊಂಡ್ರಿ ಸಿಸ್ಟರ್ ಅಂದಳು."

ಮೂವತ್ತಮೂರು ವರ್ಷ ಈ ಹೆಂಗಸು ಎಣಿಸಿದ್ದೆಲ್ಲ ಲೆಕ್ಕ ತಪ್ಪಿದ ಆ ಒಂದು ಬಟ್ಟೆಯಿಂದಾಗಿ ಎಂಬುದು ಕೃತಿಗೆ ಆಗ ತಿಳಿಯಿತು. ಅವರ ಕೈ ಹಿಡಿದುಕೊಂಡಳು.

ಆರಕ್ಕೆ ಐದು ನಿಮಿಷವಿದ್ದಾಗ ಬೀದಿಯ ತುದಿಯಲ್ಲಿ ಚಂದ್ರಪ್ರಭಾ ಅವರ ಕಾರು ತಿರುಗಿತು. ಫೈರ್ ಇಂಜಿನ್ ಕಂಡು ಅದು ಅಲ್ಲೇ ನಿಂತಿತು. ಪ್ರಣವ್ ಕೃತಿಯ ಕಿವಿಯಲ್ಲಿ ಹೇಳಿದ: ವೈರಿಂಗ್ ಏನೋ ಆಯ್ತು ಅನ್ನು, ಯಾರಿಗೂ ಗೊತ್ತಾಗಲ್ಲ, ಸಹಿ ಹಾಕಿಸ್ಕೋ. ಫಿಲ್ಮ್ ಹೋಗುತ್ತೆ ಕೃತಿ.

ಕೃತಿ ಶಿವಗಂಗಾರನ್ನು ನೋಡಿದಳು.

"ಕುಂಡಕ್ಕೆ ನೀರು ಹಾಕೋ ಮುಂಚೆ ನಾನು ಅಲ್ಲಿಂದ ಎದ್ದು ಹೋದೆ. ಅದು ನನ್ನ ತಪ್ಪು, ಅದನ್ನ ನಾನು ಹೇಳ್ತೀನಿ," ಎಂದರು ಅವರು, ಮತ್ತೆ ಬೆಂಗಳೂರಿನ ಕನ್ನಡಕ್ಕೆ ಮರಳಿ. "ನಿಂದು ನೀನು ಹೇಳಬೇಕು. ನಾನು ಪಕ್ಕದಲ್ಲೇ ಇರ್ತೀನಿ."

ಚಂದ್ರಪ್ರಭಾ ಮಗುವನ್ನು ಎತ್ತಿಕೊಂಡು ಓಡಿಯೇ ಬಂದರು. ಮಗು ನಿದ್ದೆಗಣ್ಣಿನಲ್ಲಿ ಇಂಜಿನ್ನಿನ ನೀಲಿ ದೀಪವನ್ನು ನೋಡುತ್ತಿತ್ತು. ಕೃತಿ ಎದ್ದು ಎದುರಿಗೆ ಹೋದಳು. ಅವಳಿಗೆ ಕನ್ನಡದಲ್ಲಿ ಇಷ್ಟು ದೊಡ್ಡ ಮಾತು ಆಡಿ ಗೊತ್ತಿರಲಿಲ್ಲ. ಆದರೂ ಕನ್ನಡದಲ್ಲೇ ಶುರು ಮಾಡಿದಳು.

"ಬೆಂಕಿ ನನ್ನಿಂದ ಆಯ್ತು. ಹೋಮದ ಬೂದಿ ನಾನು ನಿಮ್ಮ ದೇವರ ಕಪಾಟಿನಲ್ಲಿ ಇಟ್ಟೆ. ಯಾರಿಗೂ ಹೇಳ್ಲಿಲ್ಲ. ಒಳಗೆ ಕೆಂಡ ಇತ್ತು."

ಚಂದ್ರಪ್ರಭಾ ಅವರ ಮುಖ ಬಿಳಿಚಿಕೊಂಡಿತು. ಮಗುವನ್ನು ಎದೆಗೆ ಒತ್ತಿ ಹಿಡಿದರು. ಮಹಡಿಯ ಕಿಟಕಿಯನ್ನು ನೋಡಿದರು, ಮತ್ತೆ ಕೃತಿಯನ್ನು ನೋಡಿದರು. "ಪೂರ್ತಿ ಹೇಳು," ಎಂದರು.

ಕೃತಿ ಪೂರ್ತಿ ಹೇಳಿದಳು. ಅಲಾರಂ ಮುಚ್ಚಿದ್ದು, ಒಂದು ಮರೆತದ್ದು, ಅದನ್ನು ಹುಡುಕದೆ ಹೊರಡಲಿದ್ದದ್ದು, ತೊಟ್ಟಿಲಿನ ಪಕ್ಕದ ಹಲಗೆ ಕಪ್ಪಾದದ್ದು. ಯಾವುದನ್ನೂ ಬಿಡಲಿಲ್ಲ. ಕನ್ನಡದ ಪದ ಸಿಗದಾಗ ಎರಡು ಸಲ ನಿಲ್ಲಿಸಿ ಮತ್ತೆ ಹೇಳಿದಳು. ಚಂದ್ರಪ್ರಭಾ ಕೊನೆಗೆ, "ಇವತ್ತು ನನ್ನ ಹತ್ರ ಫಿಲ್ಮ್ ಮಾತು ಎತ್ತಬೇಡ," ಎಂದಷ್ಟೇ ಹೇಳಿ ಮಗುವಿನ ತಲೆಗೆ ಗಲ್ಲ ಒತ್ತಿಕೊಂಡು ನಿಂತರು.

ಕೃತಿ ತಲೆಯಾಡಿಸಿ ಹಿಂದಕ್ಕೆ ತಿರುಗಿದಳು. ಶಿವಗಂಗಾ ತಮ್ಮ ಮಾತು ಹೇಳಲು ಮುಂದೆ ಬರಬೇಕಿತ್ತು, ಬಂದಿರಲಿಲ್ಲ. ಹುಲ್ಲಿನ ಮೇಲೆ ನಿಂತಲ್ಲೇ ನಿಂತಿದ್ದರು. ಕೆನ್ನೆ ಪೂರ್ತಿ ಒದ್ದೆಯಾಗಿತ್ತು, ಒರೆಸಿಕೊಳ್ಳುವುದೂ ನೆನಪಾಗದೆ, ತಾವು ಅಂದು ಆಡದೆ ಹೋದ ಮಾತನ್ನು ಆಡಿ ಬಂದ ಆ ಹುಡುಗಿಯನ್ನು ತಮಗಿಂತ ದೊಡ್ಡವರನ್ನು ನೋಡುವಂತೆ ನೋಡುತ್ತಿದ್ದರು.